ಟಚ್ ಕೆಟ್ಟಿದೆಯಾ, ಸಾಫ್ಟ್‌ವೇರ್ ಕೆಟ್ಟಿದೆಯಾ? ಆ್ಯಪ್‌ನಿಂದ ಚಿಪ್‌ವರೆಗೆ ಆಂಡ್ರಾಯ್ಡ್ ಫೋನನ್ನು ಪದರ ಪದರವಾಗಿ ಪರೀಕ್ಷಿಸುವ ಮಾರ್ಗದರ್ಶಿ

ಜೂನ್ ಮಳೆ ಹಿಡಿಯಿತು ಅಂದರೆ ಮುಂಬೈಯಲ್ಲಿ ಫೋನುಗಳಿಗೂ ಕಾಯಿಲೆ ಶುರು. ಲೋಕಲ್ ಟ್ರೇನಿನ ಬಾಗಿಲಲ್ಲಿ ನಿಂತು ಬಂದವರ ಫೋನು ತಾನಾಗಿಯೇ ಆ್ಯಪ್ ತೆರೆಯುತ್ತದೆ, ಯಾರಿಗೋ ಕರೆ ಹೋಗುತ್ತದೆ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಕೌಂಟರಿನಲ್ಲಿ ಕೂತವರು ಪರದೆಯನ್ನು ಅಲ್ಲಿ ಇಲ್ಲಿ ಒತ್ತಿ ನೋಡಿ "ಡಿಸ್‌ಪ್ಲೇ ಗಯಾ" ಅಂದುಬಿಡುತ್ತಾರೆ. ಹೋಗಿರಲೂಬಹುದು. ಆದರೆ ಚಾರ್ಜರ್ ಕಾರಣ ಇರಬಹುದು, ಯಾವುದೋ ಆ್ಯಪ್ ಕಾರಣ ಇರಬಹುದು, ಅಪ್‌ಡೇಟ್ ಕಾರಣವೂ ಇರಬಹುದು. ಮೇಲಿಂದ ನೋಡಿದರೆ ಇವೆಲ್ಲ ಒಂದೇ ಥರ ಕಾಣುತ್ತವೆ. ಹಾಗಾಗಿ ಮೇಲಿಂದ ನೋಡಬಾರದು, ಕೆಳಗಿನಿಂದ ನೋಡಬೇಕು.

ಡೊಂಬಿವಲಿ, ಮಾಟುಂಗಾ ಕಡೆಯ ನಮ್ಮ ಕನ್ನಡದವರು ಯಾರಾದರೂ "ಫೋನು ಸ್ವಲ್ಪ ನೋಡ್ತೀರಾ" ಅಂತ ಕೊಟ್ಟಾಗ ನಾನು ಮಾಡುವ ಪರೀಕ್ಷೆಗಳನ್ನೇ ಇಲ್ಲಿ ಬರೆದಿದ್ದೇನೆ. ಸ್ಕ್ರೂಡ್ರೈವರ್ ಬೇಡ, ರೂಟ್ ಮಾಡುವುದೂ (ಬೀಗ ಮುರಿದು ಫೋನಿನ ಪೂರ್ತಿ ಅಧಿಕಾರ ಪಡೆಯುವುದು) ಬೇಡ. ಒಂದು ಲ್ಯಾಪ್‌ಟಾಪ್, ಒಂದು ಒಳ್ಳೆಯ ಕೇಬಲ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಪರೀಕ್ಷೆ ಮಾಡುತ್ತಾ ಹೋದಂತೆ ಸಾಫ್ಟ್‌ವೇರ್ ಹೇಗೆ ಹಾರ್ಡ್‌ವೇರ್ ಜೊತೆ ಮಾತಾಡುತ್ತದೆ ಅನ್ನುವುದೂ ತಿಳಿಯುತ್ತದೆ. ಅದನ್ನು ಪುಸ್ತಕದ ಚಿತ್ರ ನೋಡಿ ಕಲಿಯುವುದಕ್ಕಿಂತ ಸ್ವಂತ ಫೋನಿನಲ್ಲಿ ಕಣ್ಣಾರೆ ನೋಡುವುದು ಮೇಲು.

ಮೊದಲು ಪದರಗಳ ಪರಿಚಯ

ಎಲ್ಲಕ್ಕಿಂತ ಮೇಲೆ ಆ್ಯಪ್. ಅದರ ಕೆಳಗೆ ಆಂಡ್ರಾಯ್ಡ್ ಫ್ರೇಮ್‌ವರ್ಕ್. ಇದರ ಮುಖ್ಯ ಭಾಗ ಸಿಸ್ಟಮ್ ಸರ್ವರ್ ಅನ್ನುವ ಒಂದು ದೊಡ್ಡ ಪ್ರಾಸೆಸ್, ಅಂದರೆ ಸದಾ ಓಡುತ್ತಿರುವ ಪ್ರೋಗ್ರಾಂ. ಬ್ಯಾಟರಿ, ವೈಬ್ರೇಷನ್, ಕಿಟಕಿಗಳು, ಟಚ್, ಹೀಗೆ ಹತ್ತಾರು ಸೇವೆಗಳು ಅದರೊಳಗೇ ಓಡುತ್ತವೆ. ಅದರ ಕೆಳಗೆ ಹಾಲ್, ಅಂದರೆ ಹಾರ್ಡ್‌ವೇರ್ ಅಬ್‌ಸ್ಟ್ರಾಕ್ಷನ್ ಲೇಯರ್. "ಅರ್ಧ ಸೆಕೆಂಡ್ ನಡುಗು" ಅನ್ನುವ ಸಾಮಾನ್ಯ ಆದೇಶವನ್ನು ನಿಮ್ಮ ಫೋನಿನ ಮೋಟಾರಿಗೆ ತಿಳಿಯುವ ಹಾಗೆ ಮಾಡಿಕೊಡುವುದು ಇದರ ಕೆಲಸ. ಇದನ್ನು ಬರೆಯುವವರು ಫೋನ್ ಕಂಪನಿ ಮತ್ತು ಚಿಪ್ ಕಂಪನಿಯವರು. ಅದರ ಕೆಳಗೆ ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಅದರೊಳಗೆ ಡ್ರೈವರ್‌ಗಳು, ಒಂದೊಂದು ಚಿಪ್ ಜೊತೆ ಮಾತಾಡುವ ಕೋಡ್. ಎಲ್ಲಕ್ಕಿಂತ ಕೆಳಗೆ ಚಿಪ್, ಮೋಟಾರು, ಗಾಜು.

ಆ್ಯಪ್ ಯಾವತ್ತೂ ಚಿಪ್ಪನ್ನು ನೇರವಾಗಿ ಮುಟ್ಟುವುದಿಲ್ಲ. ಒಂದು ಪ್ರಾಸೆಸ್ ಇನ್ನೊಂದು ಪ್ರಾಸೆಸ್ ಜೊತೆ ಮಾತಾಡುವುದು ಬೈಂಡರ್ ಮೂಲಕ. ಬೈಂಡರ್ ಅಂದರೆ ಕರ್ನಲ್ ಒಳಗೇ ಇರುವ ಒಂದು ಡ್ರೈವರ್. ಆ್ಯಪ್ ಕಳಿಸಿದ ಪ್ರತಿ ಕರೆಗೂ ಆ ಆ್ಯಪ್‌ನ ಗುರುತಿನ ಸಂಖ್ಯೆಯನ್ನು ಕರ್ನಲ್ಲೇ ಅಂಟಿಸಿ ಕಳಿಸುತ್ತದೆ. "ನಾನು ಕ್ಯಾಮೆರಾ ಆ್ಯಪ್" ಅಂತ ಬೇರೆ ಯಾರೋ ಸುಳ್ಳು ಹೇಳುವ ಹಾಗಿಲ್ಲ. ಪರ್ಮಿಷನ್ ಅನ್ನುವುದು ನಿಂತಿರುವುದೇ ಈ ಅಂಟಿಸಿದ ಸಂಖ್ಯೆಯ ಮೇಲೆ.

2017ರಲ್ಲಿ ಆಂಡ್ರಾಯ್ಡ್ 8 ಬರುವವರೆಗೆ ಹಾಲ್ ಅನ್ನುವುದು ಸುಮ್ನೆ ಒಂದು ಲೈಬ್ರರಿ ಫೈಲ್ ಆಗಿತ್ತು. ಫ್ರೇಮ್‌ವರ್ಕ್ ಅದನ್ನು ತನ್ನದೇ ಪ್ರಾಸೆಸ್ ಒಳಗೆ ಎಳೆದುಕೊಳ್ಳುತ್ತಿತ್ತು. ಅಂಧೇರಿಯ ಪಿಜಿ ರೂಮಿನ ಹಾಗೆ, ಒಬ್ಬನಿಗೆ ಜ್ವರ ಬಂದರೆ ಎಲ್ಲರಿಗೂ ಬರುತ್ತಿತ್ತು. ಕಂಪನಿ ಕೊಟ್ಟ ಕೋಡ್ ಎಡವಿದರೆ ಅದನ್ನು ಎಳೆದುಕೊಂಡ ಸೇವೆಯೂ ಬೀಳುತ್ತಿತ್ತು. ಆಂಡ್ರಾಯ್ಡ್ 8ರ ಪ್ರಾಜೆಕ್ಟ್ ಟ್ರೆಬಲ್ ಬಹುತೇಕ ಹಾಲ್‌ಗಳನ್ನು ಬೇರೆ ಪ್ರಾಸೆಸ್‌ಗಳಾಗಿ ಒಡೆಯಿತು, ಅವನ್ನು ವೆಂಡರ್ ಅನ್ನುವ ಬೇರೆ ಪಾರ್ಟಿಷನ್ನಿಗೆ ಹಾಕಿತು. ಈಗ ಕ್ಯಾಮೆರಾ ಹಾಲ್ ಕುಸಿದರೆ ಇನಿಟ್ ಅನ್ನುವ, ಬೇರೆಲ್ಲ ಪ್ರಾಸೆಸ್‌ಗಳನ್ನು ಶುರು ಮಾಡಿಸುವ ಪ್ರಾಸೆಸ್ ಅದೊಂದನ್ನೇ ಮತ್ತೆ ಎಬ್ಬಿಸುತ್ತದೆ. ಕ್ಯಾಮೆರಾ ಆ್ಯಪ್ ಒಮ್ಮೆ ಎರರ್ ತೋರಿಸಿ, ಎರಡನೇ ಸಲ ಸರಿಯಾಗಿ ತೆರೆದುಕೊಳ್ಳುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಇಷ್ಟು ಪೀಠಿಕೆ ಸಾಕು.

ಹೆಜ್ಜೆ 1: ಎಡಿಬಿ ಸಿದ್ಧ ಮಾಡಿಕೊಳ್ಳಿ

ಎಡಿಬಿ ಅಂದರೆ ಲ್ಯಾಪ್‌ಟಾಪ್‌ನಿಂದ ಫೋನಿಗೆ ಕಮಾಂಡ್ ಕಳಿಸುವ ಪುಟ್ಟ ಪ್ರೋಗ್ರಾಂ. ಅದಕ್ಕಾಗಿ ಲ್ಯಾಪ್‌ಟಾಪ್‌ಗೆ ಗೂಗಲ್ ಕೊಡುವ ಪ್ಲಾಟ್‌ಫಾರ್ಮ್ ಟೂಲ್ಸ್ ಇಳಿಸಿಕೊಳ್ಳಿ. ಚಿಕ್ಕ ಜಿಪ್ ಫೈಲ್, ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಅಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ. ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅದರಲ್ಲಿ ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ, ಕೇಬಲ್ ಚುಚ್ಚಿ. ಫೋನಿನಲ್ಲಿ ಬರುವ ಅನುಮತಿ ಪೆಟ್ಟಿಗೆಗೆ ಹೂಂ ಅನ್ನಿ. ಟಚ್ ಪೂರ್ತಿ ಸತ್ತಿದ್ದರೆ ಇದನ್ನೆಲ್ಲ ಒತ್ತುವುದು ಹೇಗೆ ಅಂತ ಕೇಳಬಹುದು. ಓಟಿಜಿ ಅಡಾಪ್ಟರ್ (ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ತುಂಡು) ಹಾಕಿ ಯುಎಸ್‌ಬಿ ಮೌಸ್ ಚುಚ್ಚಿ. ಪರದೆಯ ಮೇಲೆ ಬಾಣದ ಗುರುತು ಬರುತ್ತದೆ, ಅದರಲ್ಲೇ ಕ್ಲಿಕ್ ಮಾಡಿ. ಫೋನಿಗೆ ಒಂದೇ ಪೋರ್ಟ್ ಇರುವುದರಿಂದ ಮೌಸ್ ತೆಗೆದು ಕೇಬಲ್ ಹಾಕಿದಾಗ ಅನುಮತಿ ಪೆಟ್ಟಿಗೆ ಒತ್ತಲಾಗುವುದಿಲ್ಲ. ಆಂಡ್ರಾಯ್ಡ್ 11ರಿಂದ ಈಚೆಗಿನ ಫೋನಾದರೆ ಡೆವಲಪರ್ ಆಪ್ಷನ್ಸ್ ಒಳಗಿನ ವೈರ್‌ಲೆಸ್ ಡಿಬಗಿಂಗ್ ಇದಕ್ಕೆ ಪರಿಹಾರ. ಮೌಸ್ ಹಾಗೇ ಇರಲಿ, ವೈಫೈನಲ್ಲಿ ಜೋಡಿಸಿ.

ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಜಿಪ್ ಬಿಚ್ಚಿದ ಫೋಲ್ಡರಿನಲ್ಲಿ ಲ್ಯಾಪ್‌ಟಾಪ್‌ನ ಕಮಾಂಡ್ ಕಿಟಕಿ (ಟರ್ಮಿನಲ್) ತೆರೆಯಿರಿ. ಅಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ, ಎಲ್ಲವನ್ನೂ ಸಣ್ಣಕ್ಷರದಲ್ಲಿ ಹೊಡೆಯಿರಿ. ಅಂಡರ್‌ಸ್ಕೋರ್, ಚುಕ್ಕೆ, ಗೆರೆ ಎಲ್ಲ ಇಲ್ಲಿ ಇರುವ ಹಾಗೆಯೇ ಇರಬೇಕು.

ಎಡಿಬಿ ಡಿವೈಸಸ್

ಉದ್ದನೆಯ ಸಂಖ್ಯೆಯ ಮುಂದೆ "ಡಿವೈಸ್" ಅಂತ ಬಂದರೆ ಸರಿ. "ಅನ್‌ಆಥರೈಸ್ಡ್" ಬಂದರೆ ಫೋನಿನಲ್ಲಿ ಅನುಮತಿ ಕೊಟ್ಟಿಲ್ಲ ಅಂತ. ಏನೂ ಬರದಿದ್ದರೆ ಮೊದಲು ಕೇಬಲ್ ಬದಲಿಸಿ. ಸ್ಟೇಷನ್ ಹೊರಗಿನ ಫುಟ್‌ಪಾತ್‌ನಲ್ಲಿ ಸಿಗುವ ಅಗ್ಗದ ಕೇಬಲ್‌ಗಳಲ್ಲಿ ಕೆಲವಕ್ಕೆ ಡೇಟಾ ತಂತಿಯೇ ಇರುವುದಿಲ್ಲ, ಚಾರ್ಜಿಂಗ್ ತಂತಿ ಮಾತ್ರ.

ಹೆಜ್ಜೆ 2: ಕರ್ನಲ್ ಯಾವುದು, ಹಾಲ್‌ಗಳು ಯಾವುವು

ಎಡಿಬಿ ಶೆಲ್ ಯುನೇಮ್ -ಆರ್

ಇದು ಕರ್ನಲ್ ಆವೃತ್ತಿ ಹೇಳುತ್ತದೆ. ಹೊಸ ಫೋನಾದರೆ 5.10 ಅಥವಾ ಅದಕ್ಕಿಂತ ಮೇಲಿನ ಸಂಖ್ಯೆ, ಅದರ ಹಿಂದೆಯೇ "ಆಂಡ್ರಾಯ್ಡ್12" ಅನ್ನುವಂಥ ಒಂದು ಬಾಲ ಕಾಣಬಹುದು. ನಿಮ್ಮ ಫೋನಿನಲ್ಲಿರುವುದು ಆಂಡ್ರಾಯ್ಡ್ 14, ಇಲ್ಲಿ 12 ಅಂತಿದೆಯಲ್ಲ ಅಂತ ಗಾಬರಿ ಬೇಡ. ಅದು ಕರ್ನಲ್ ಯಾವ ಕವಲಿನಿಂದ ಬಂತು ಅನ್ನುವುದರ ಗುರುತು, ಫೋನಿನ ಆವೃತ್ತಿ ಅಲ್ಲ. ಇಂಥ ಬಾಲ ಇದ್ದರೆ ಸಾಮಾನ್ಯವಾಗಿ ನಿಮ್ಮದು ಜೆನೆರಿಕ್ ಕರ್ನಲ್ ಇಮೇಜ್ ಫೋನು. ಆಂಡ್ರಾಯ್ಡ್ 12ರ ಜೊತೆ 5.10 ಕರ್ನಲ್‌ನಲ್ಲಿ ಹೊರಬಂದ ಫೋನುಗಳಿಂದ ಇದು ಕಡ್ಡಾಯವಾಯಿತು. ಮುಖ್ಯ ಕರ್ನಲ್ ಎಲ್ಲರಿಗೂ ಒಂದೇ. ನಿಮ್ಮ ಫೋನಿಗೆ ಬೇಕಾದ ಟಚ್ ಡ್ರೈವರ್, ಕ್ಯಾಮೆರಾ ಡ್ರೈವರ್ ಎಲ್ಲ ಬೇರೆ ಮಾಡ್ಯೂಲ್ ಫೈಲ್‌ಗಳಾಗಿ ಬೂಟ್ ಆಗುವಾಗ ಬಂದು ಸೇರಿಕೊಳ್ಳುತ್ತವೆ.

ಯಾವ ಚಿಪ್ ಎಲ್ಲಿದೆ ಅಂತ ಕರ್ನಲ್‌ಗೆ ಹೇಗೆ ಗೊತ್ತು? ಕಂಪ್ಯೂಟರಿನಲ್ಲಿ ಯುಎಸ್‌ಬಿ ಚುಚ್ಚಿದರೆ ಆ ಸಾಧನ ತಾನೇ ಪರಿಚಯ ಹೇಳಿಕೊಳ್ಳುತ್ತದೆ. ಫೋನಿನೊಳಗಿನ ಟಚ್ ಚಿಪ್, ಮೋಟಾರ್ ಚಿಪ್ ಹಾಗಲ್ಲ. ಅವು ಐ2ಸಿ, ಎಸ್‌ಪಿಐ ಅನ್ನುವ ಸರಳ ತಂತಿಗಳ ಮೇಲೆ ಸುಮ್ನೆ ಕೂತಿರುತ್ತವೆ, ಕೇಳಿದರೆ ಮಾತ್ರ ಉತ್ತರಿಸುತ್ತವೆ. ಅದಕ್ಕೇ ಡಿವೈಸ್ ಟ್ರೀ ಅನ್ನುವ ಒಂದು ಪಟ್ಟಿಯನ್ನು ಕಂಪನಿಯವರು ಬರೆದಿಟ್ಟಿರುತ್ತಾರೆ. ಈ ತಂತಿಯ ಮೇಲೆ, ಈ ವಿಳಾಸದಲ್ಲಿ, ಈ ಚಿಪ್ ಇದೆ ಅಂತ. ಉದಾಹರಣೆಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಡಿಆರ್‌ವಿ2605 ಅನ್ನುವ ವೈಬ್ರೇಷನ್ ಚಿಪ್ ಐ2ಸಿ ತಂತಿಯ ಮೇಲೆ ಹೆಕ್ಸ್ (ಹತ್ತರ ಬದಲು ಹದಿನಾರರ ಎಣಿಕೆ) 5ಎ ಅನ್ನುವ ವಿಳಾಸದಲ್ಲಿ ಉತ್ತರಿಸುತ್ತದೆ. ಬೂಟ್ ಆಗುವಾಗ ಡ್ರೈವರ್ ಆ ವಿಳಾಸಕ್ಕೆ ಕರೆದು ನೋಡುತ್ತದೆ. ಚಿಪ್ ಓಗೊಟ್ಟರೆ ಸಾಧನ ನೋಂದಣಿ ಆಗುತ್ತದೆ. ಇಲ್ಲದಿದ್ದರೆ ಆ ಸಾಧನವೇ ಇಲ್ಲ ಅನ್ನುವ ಹಾಗೆ ಫೋನು ಮುಂದೆ ಹೋಗುತ್ತದೆ. ಈ ಒಂದು ವಿಷಯ ಮುಂದಿನ ಹೆಜ್ಜೆಗೆ ಬಹಳ ಮುಖ್ಯ.

ಹಾಲ್ ಪ್ರಾಸೆಸ್‌ಗಳನ್ನು ನೋಡಲು:

ಎಡಿಬಿ ಶೆಲ್ "ಪಿಎಸ್ -ಎ | ಗ್ರೆಪ್ ಹಾರ್ಡ್‌ವೇರ್"

ಇಲ್ಲಿ -ಎ ಮಾತ್ರ ದೊಡ್ಡಕ್ಷರ. ಉದ್ಧರಣ ಚಿಹ್ನೆ ಬಿಡಬೇಡಿ, ಬಿಟ್ಟರೆ ವಿಂಡೋಸ್ ಗ್ರೆಪ್ ಅನ್ನುವುದನ್ನು ತನ್ನಲ್ಲೇ ಹುಡುಕಿ ಕೈ ಎತ್ತುತ್ತದೆ. ಸೆನ್ಸರ್ಸ್, ವೈಬ್ರೇಟರ್, ಕ್ಯಾಮೆರಾ, ಹೆಲ್ತ್ ಅಂತ ಹೆಸರುಗಳ ಸಾಲು ಬರುತ್ತದೆ. ಒಂದೊಂದೂ ಒಂದು ಹಾಲ್. ಹೆಸರಿನಲ್ಲಿ ಅಟ್ ಚಿಹ್ನೆ, ಆವೃತ್ತಿ ಸಂಖ್ಯೆ ಇದ್ದರೆ ಹೆಚ್ಚಾಗಿ ಅದು ಹಳೆಯ ಹೈಡಲ್ ಮಾದರಿ. ಅದಿಲ್ಲದೆ ಗೆರೆ ಹಾಕಿ "ಸರ್ವೀಸ್" ಅಂತಿದ್ದರೆ ಹೆಚ್ಚಾಗಿ ಹೊಸ ಎಐಡಿಎಲ್ ಮಾದರಿ. ಪರೀಕ್ಷೆಗೆ ಎರಡೂ ಒಂದೇ.

ಹೆಜ್ಜೆ 3: ಟಚ್. ಇಲ್ಲಿ ನಿಧಾನವಾಗಿ ಓದಿ

ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇದರಲ್ಲೇ.

ಟಚ್ ಒಂದು ವಿಚಿತ್ರ ಪ್ರಾಣಿ. ಪದರಗಳ ಚಿತ್ರದಲ್ಲಿ ಎಲ್ಲವೂ ಹಾಲ್ ದಾಟಿಯೇ ಹೋಗಬೇಕು ಅನ್ನುವ ಹಾಗೆ ಬರೆದಿರುತ್ತಾರೆ. ಟಚ್ ಹಾಗೆ ಹೋಗುವುದಿಲ್ಲ. ಬೆರಳು ತಾಗಿದಾಗ ಗಾಜಿನ ಕೆಳಗಿನ ಸೂಕ್ಷ್ಮ ವಿದ್ಯುತ್ ಜಾಲದಲ್ಲಿ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಡುವ ಸಾಮರ್ಥ್ಯ) ಬದಲಾಗುತ್ತದೆ. ಟಚ್ ಕಂಟ್ರೋಲರ್ ಚಿಪ್ ಅದನ್ನು ಅಳೆದು, ಎಲ್ಲಿ ತಾಗಿತು ಅಂತ ಲೆಕ್ಕ ಹಾಕಿ, ಪ್ರಾಸೆಸರಿಗೆ ಇಂಟರಪ್ಟ್, ಅಂದರೆ "ಇತ್ತ ನೋಡು" ಅನ್ನುವ ಸಂಕೇತ ಕೊಡುತ್ತದೆ. ಡ್ರೈವರ್ ಎದ್ದು ಆ ಅಂಕಿಗಳನ್ನು ಓದಿ /ಡೆವ್/ಇನ್‌ಪುಟ್ ಒಳಗಿನ ಒಂದು ಫೈಲ್‌ಗೆ ಹಾಕುತ್ತದೆ. ಫ್ರೇಮ್‌ವರ್ಕ್ ಆ ಫೈಲನ್ನು ನೇರವಾಗಿ ಓದುತ್ತದೆ. ಮಧ್ಯೆ ಹಾಲ್ ಇಲ್ಲ. ಓದುವವನು ಇನ್‌ಪುಟ್ ರೀಡರ್. ಯಾವ ಕಿಟಕಿಗೆ ಸೇರಬೇಕು ಅಂತ ನಿರ್ಧರಿಸಿ ಆ್ಯಪ್‌ಗೆ ತಲುಪಿಸುವವನು ಇನ್‌ಪುಟ್ ಡಿಸ್ಪ್ಯಾಚರ್.

ಹಾಗಾಗಿ ಎರಡು ಕಡೆ ಇಣುಕಿ ನೋಡಬಹುದು. ಕರ್ನಲ್ ಬಾಗಿಲಲ್ಲಿ ಒಮ್ಮೆ, ಫ್ರೇಮ್‌ವರ್ಕ್‌ನಲ್ಲಿ ಒಮ್ಮೆ.

ಮೊದಲು ಸಾಧನ ಇದೆಯಾ ನೋಡಿ:

ಎಡಿಬಿ ಶೆಲ್ ಗೆಟ್‌ಇವೆಂಟ್ -ಎಲ್‌ಪಿ

ಪವರ್ ಬಟನ್, ವಾಲ್ಯೂಮ್ ಬಟನ್, ಹೆಡ್‌ಸೆಟ್ ಜ್ಯಾಕ್ ಅಂತ ಸಾಧನಗಳ ಪಟ್ಟಿ ಬರುತ್ತದೆ. ಅದರಲ್ಲಿ ಎಬಿಎಸ್_ಎಂಟಿ_ಪೊಸಿಷನ್_ಎಕ್ಸ್ ಅನ್ನುವ ಸಾಲು ಯಾವ ಸಾಧನದ ಕೆಳಗಿದೆಯೋ ಅದೇ ಟಚ್. ಹೆಸರಿನಲ್ಲಿ ಚಿಪ್ ಕಂಪನಿಯ ಸುಳಿವೂ ಇರುತ್ತದೆ. ಗೂಡಿಕ್ಸ್, ಫೋಕಲ್‌ಟೆಕ್, ನೋವಾಟೆಕ್, ಸಿನ್ಯಾಪ್ಟಿಕ್ಸ್ ಇವು ಸಾಮಾನ್ಯ. ಅಂಥ ಸಾಧನವೇ ಪಟ್ಟಿಯಲ್ಲಿ ಇಲ್ಲದಿದ್ದರೆ ಚಿಪ್ ಓಗೊಟ್ಟಿಲ್ಲ ಅಥವಾ ಡ್ರೈವರ್ ಬಂದಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡಿ ಪ್ರಯೋಜನ ಇಲ್ಲ, ಫೋಟೋಗಳು ಹೋಗುತ್ತವೆ ಅಷ್ಟೇ.

ಪಟ್ಟಿಯಲ್ಲಿದ್ದರೆ ಅಲ್ಲಿಂದ ಏನು ಹರಿದು ಬರುತ್ತಿದೆ ನೋಡಿ:

ಎಡಿಬಿ ಶೆಲ್ ಗೆಟ್‌ಇವೆಂಟ್ -ಎಲ್‌ಟಿ

ಈಗ ಪರದೆಯ ಮೇಲೆ ಒಮ್ಮೆ ಮೆತ್ತಗೆ ಒತ್ತಿ ಬಿಡಿ. ಹೀಗೊಂದು ಗುಂಪು ಬರುತ್ತದೆ:

ಎಬಿಎಸ್_ಎಂಟಿ_ಟ್ರ್ಯಾಕಿಂಗ್_ಐಡಿ 00000047
ಎಬಿಎಸ್_ಎಂಟಿ_ಪೊಸಿಷನ್_ಎಕ್ಸ್ 00000218
ಎಬಿಎಸ್_ಎಂಟಿ_ಪೊಸಿಷನ್_ವೈ 00000640
ಸಿನ್_ರಿಪೋರ್ಟ್ 00000000

ಟ್ರ್ಯಾಕಿಂಗ್ ಐಡಿ ಅಂದರೆ ಈ ಬೆರಳಿಗೆ ಕೊಟ್ಟ ಸಂಖ್ಯೆ. ಸ್ಥಾನಗಳು ಹೆಕ್ಸ್ ಲೆಕ್ಕದಲ್ಲಿವೆ. ಹೆಕ್ಸ್ 218 ಅಂದರೆ ನಮ್ಮ 536, ಹೆಕ್ಸ್ 640 ಅಂದರೆ 1600. ಎಡದಿಂದ 536, ಮೇಲಿನಿಂದ 1600ರ ಹತ್ತಿರ ಬೆರಳು ತಾಗಿದೆ ಅಂತ ಅರ್ಥ. ಕೆಲವು ಫೋನುಗಳಲ್ಲಿ ಈ ಅಂಕಿ ಪಿಕ್ಸೆಲ್‌ಗಿಂತ ದೊಡ್ಡ ಅಳತೆಯಲ್ಲಿರುತ್ತದೆ. ಗರಿಷ್ಠ ಎಷ್ಟು ಅಂತ ಹಿಂದಿನ -ಎಲ್‌ಪಿ ಪಟ್ಟಿಯಲ್ಲೇ ಇದೆ. ಸಿನ್ ರಿಪೋರ್ಟ್ ಬಂದರೆ ಒಂದು ಕಂತು ಮುಗಿಯಿತು ಅಂತ. ಬೆರಳು ಎತ್ತಿದಾಗ ಟ್ರ್ಯಾಕಿಂಗ್ ಐಡಿಯ ಮುಂದೆ ಎಂಟು ಎಫ್ ಅಕ್ಷರಗಳು ಬರುತ್ತವೆ. ಸಾಲುಗಳ ಮೊದಲಿಗೆ ಬ್ರಾಕೆಟ್‌ನಲ್ಲಿ ಇರುವುದು ಸಮಯ.

ಈಗ ಫೋನನ್ನು ಮೇಜಿನ ಮೇಲಿಟ್ಟು ಕೈ ತೆಗೆಯಿರಿ. ಸಾಲುಗಳು ನಿಲ್ಲಬೇಕು. ಯಾರೂ ಮುಟ್ಟದಿದ್ದರೂ ಬರುತ್ತಲೇ ಇದ್ದರೆ ಟಚ್ ಭೂತ ಕರ್ನಲ್‌ಗಿಂತ ಕೆಳಗಿದೆ. ಯಾವ ಆ್ಯಪ್ ಅಳಿಸಿದರೂ ಹೋಗುವುದಿಲ್ಲ. ಆದರೂ ಅಂಗಡಿಗೆ ಓಡುವ ಮೊದಲು ಮೂರು ಪರೀಕ್ಷೆ ಮಾಡಿ. ಒಂದು, ಪರದೆ ಮತ್ತು ಸ್ಕ್ರೀನ್‌ಗಾರ್ಡ್ ಅಂಚನ್ನು ಒಣಬಟ್ಟೆಯಲ್ಲಿ ಒರೆಸಿ. ಗಾರ್ಡ್ ಕೆಳಗೆ ನೀರು ಸೇರಿದ್ದರೆ ತೆಗೆದು ಹಾಕಿ. ನೀರಿನ ಪದರವೂ ಕೆಪಾಸಿಟೆನ್ಸ್ ಬದಲಿಸುತ್ತದೆ, ಚಿಪ್‌ಗೆ ಅದು ಬೆರಳಿನಂತೆಯೇ ಕಾಣಬಹುದು. ಎರಡು, ಲ್ಯಾಪ್‌ಟಾಪ್ ಚಾರ್ಜರನ್ನು ಗೋಡೆಯಿಂದ ಕಿತ್ತು, ಬ್ಯಾಟರಿಯಲ್ಲಿ ಓಡಿಸಿ ನೋಡಿ. ಕಳಪೆ ಚಾರ್ಜರಿನ ವಿದ್ಯುತ್ ಗದ್ದಲ ಕೇಬಲ್ ಮೂಲಕ ಹರಿದು ಟಚ್ ಅಳತೆಯನ್ನು ಕೆಡಿಸುತ್ತದೆ. ಚಾರ್ಜಿಂಗ್ ಹಾಕಿದಾಗ ಮಾತ್ರ ಪರದೆ ಹುಚ್ಚಾಟ ಆಡುವ ಫೋನುಗಳಲ್ಲಿ ನಾನು ಮೊದಲು ಬೈಯುವುದು ಚಾರ್ಜರಿಗೆ. ಮೂರು, ಸಾಲುಗಳಲ್ಲಿ ಬರುವ ಸ್ಥಾನ ಗಮನಿಸಿ. ಎಕ್ಸ್ ಅಂಕಿ ಯಾವಾಗಲೂ ಒಂದೇ ಕಡೆ ಇದ್ದು ವೈ ಮಾತ್ರ ಬದಲಾಗುತ್ತಿದ್ದರೆ, ಒಂದು ಉದ್ದ ಪಟ್ಟೆ ಕೆಟ್ಟಿದೆ. ಗಾಜು ಅಥವಾ ಅದನ್ನು ಬೋರ್ಡಿಗೆ ಜೋಡಿಸುವ ತೆಳು ಪಟ್ಟಿ, ಅಂದರೆ ಫ್ಲೆಕ್ಸ್ ಕೇಬಲ್ ಹೋಗಿದೆ. ಆಗ "ಡಿಸ್‌ಪ್ಲೇ ಗಯಾ" ಅಂದವರ ಮಾತು ನಿಜ.

ಉಲ್ಟಾ ಪ್ರಸಂಗವೂ ಇದೆ. ಗೆಟ್‌ಇವೆಂಟ್ ಚೆನ್ನಾಗಿ ಬರುತ್ತದೆ, ಬೆರಳು ಎಳೆದರೆ ಅಂಕಿಗಳು ಸಾಲಾಗಿ ಬದಲಾಗುತ್ತವೆ, ಆದರೆ ಪರದೆ ಮಾತ್ರ ಕೇಳುವುದಿಲ್ಲ. ಅಂದರೆ ಗಾಜು, ಚಿಪ್, ಡ್ರೈವರ್ ಎಲ್ಲ ಸರಿ ಇವೆ. ಡೆವಲಪರ್ ಆಪ್ಷನ್ಸ್‌ನಲ್ಲಿ ಪಾಯಿಂಟರ್ ಲೊಕೇಶನ್ ಆನ್ ಮಾಡಿ. ಬೆರಳು ಹೋದ ಕಡೆ ಗೆರೆ ಬೀಳುತ್ತದೆ. ಈ ಗೆರೆ ಎಳೆಯುವುದು ಫ್ರೇಮ್‌ವರ್ಕ್. ಗೆರೆ ಬಿದ್ದೂ ಆ್ಯಪ್ ಓಗೊಡದಿದ್ದರೆ ತೊಂದರೆ ಅದಕ್ಕಿಂತ ಮೇಲೆ. ಎಲ್ಲದರ ಮೇಲೆ ಪಾರದರ್ಶಕವಾಗಿ ಕೂತಿರುವ ಯಾವುದೋ ಆ್ಯಪ್ ಇರಬಹುದು, ಸೇಫ್ ಮೋಡ್‌ನಲ್ಲಿ (ನೀವು ಹಾಕಿಕೊಂಡ ಆ್ಯಪ್‌ಗಳು ಓಡದ ಸ್ಥಿತಿ) ಬೂಟ್ ಮಾಡಿ ನೋಡಿ. ಅಂದ ಹಾಗೆ, "ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ" ಅನ್ನುವ ಪೆಟ್ಟಿಗೆ ಬರುತ್ತದಲ್ಲ, ಅದು ಟಚ್‌ನಿಂದ ಬಂದಿದ್ದರೆ ಹಾರ್ಡ್‌ವೇರಿಗೆ ಸಿಕ್ಕ ಒಳ್ಳೆಯ ಸರ್ಟಿಫಿಕೇಟು. ಇನ್‌ಪುಟ್ ಡಿಸ್ಪ್ಯಾಚರ್ ಟಚ್ಚನ್ನು ಆ್ಯಪ್‌ಗೆ ಕೊಟ್ಟು, ಸಾಮಾನ್ಯವಾಗಿ 5 ಸೆಕೆಂಡು ಕಾದು, ಉತ್ತರ ಬರದಿದ್ದಾಗ ಈ ದೂರು ಎದ್ದೇಳುತ್ತದೆ. ಟಚ್ ಕೆಳಗಿಂದ ಮೇಲಿನವರೆಗೆ ಸರಿಯಾಗಿ ಬಂದಿದೆ ಅಂತಲೇ ಅರ್ಥ ಅಲ್ವಾ.

ಪರದೆ ಬದಲಿಸಿದ ಮೇಲೆ ಬರುವ ತೊಂದರೆ ಇನ್ನೊಂದು ಬಗೆಯದು. ಹೊರಗಿನ ಪ್ಯಾನೆಲ್‌ಗಳಲ್ಲಿ ಟಚ್ ಕಂಟ್ರೋಲರ್ ಮೂಲ ಫೋನಿನಲ್ಲಿದ್ದದ್ದೇ ಆಗಿರಬೇಕು ಅಂತೇನಿಲ್ಲ. ಡ್ರೈವರ್ ಕಾಯುವುದು ಒಂದು ಚಿಪ್‌ಗೆ, ತಂತಿಯ ಮೇಲೆ ಕೂತಿರುವುದು ಇನ್ನೊಂದು. ಕೆಲವೊಮ್ಮೆ ಮೊದಮೊದಲು ನಡೆದು, ಸಿಸ್ಟಮ್ ಅಪ್‌ಡೇಟ್ ಆದ ಮೇಲೆ ನಿಂತುಹೋಗುತ್ತದೆ. ಇದು ಆಂಡ್ರಾಯ್ಡ್‌ನ ತೊಂದರೆ ಮಾತ್ರ ಅಲ್ಲ. 2018ರಲ್ಲಿ ಐಓಎಸ್ 11.3 ಹಾಕಿಕೊಂಡ ಮೇಲೆ ಹೊರಗಿನ ಡಿಸ್‌ಪ್ಲೇ ಹಾಕಿಸಿದ್ದ ಕೆಲವು ಐಫೋನ್ 8ಗಳಲ್ಲಿ ಟಚ್ ಸತ್ತಿತ್ತು. ಆಪಲ್ 11.3.1 ಅಪ್‌ಡೇಟ್ ಕೊಟ್ಟು ಅದನ್ನು ಸರಿ ಮಾಡಿತು. ಗಾಜಿಗೆ ಏನೂ ಆಗಿರಲಿಲ್ಲ. ಹಾಗಾಗಿ ಪರದೆ ಹಾಕಿಸುವ ಮೊದಲು -ಎಲ್‌ಪಿ ಪಟ್ಟಿಯ ಟಚ್ ಹೆಸರನ್ನು ಫೋಟೋ ತೆಗೆದಿಟ್ಟುಕೊಳ್ಳಿ, ಹಾಕಿಸಿದ ಮೇಲೆ ಹೋಲಿಸಿ.

ಹೆಜ್ಜೆ 4: ವೈಬ್ರೇಷನ್. ಮೇಲಿಂದ ಕೆಳಗೆ

ಟಚ್ ಕೆಳಗಿಂದ ಮೇಲೆ ಬಂತು. ವೈಬ್ರೇಷನ್ ಮೇಲಿಂದ ಕೆಳಗೆ ಹೋಗುತ್ತದೆ, ಹಾಲ್ ದಾಟಿಯೇ ಹೋಗುತ್ತದೆ. ಆಂಡ್ರಾಯ್ಡ್ 12 ಅಥವಾ ಮೇಲಿನದಾದರೆ:

ಎಡಿಬಿ ಶೆಲ್ ಸಿಎಂಡಿ ವೈಬ್ರೇಟರ್_ಮ್ಯಾನೇಜರ್ ಸಿಂಕ್ಡ್ ಒನ್‌ಶಾಟ್ 500

ಅರ್ಧ ಸೆಕೆಂಡು ಫೋನು ನಡುಗಬೇಕು. ನಿಮ್ಮ ಕಮಾಂಡ್ ಬೈಂಡರ್ ಮೂಲಕ ಸಿಸ್ಟಮ್ ಸರ್ವರ್‌ನಲ್ಲಿರುವ ವೈಬ್ರೇಟರ್ ಸೇವೆಗೆ ಹೋಯಿತು. ಅದು ಮತ್ತೊಂದು ಬೈಂಡರ್ ಕರೆ ಮಾಡಿ ವೈಬ್ರೇಟರ್ ಹಾಲ್‌ಗೆ ಹೇಳಿತು. ಹಾಲ್ ಡ್ರೈವರ್ ತೆರೆದಿಟ್ಟ ಒಂದು ಫೈಲಿಗೆ ಬರೆಯಿತು. ಡ್ರೈವರ್ ಐ2ಸಿ ಮೇಲೆ ಚಿಪ್‌ಗೆ, ಚಿಪ್ ಮೋಟಾರಿಗೆ.

ನಡುಗಲಿಲ್ಲವಾದರೆ ಮೊದಲು ಡು ನಾಟ್ ಡಿಸ್ಟರ್ಬ್, ಬ್ಯಾಟರಿ ಸೇವರ್ ಆಫ್ ಮಾಡಿ. ಫ್ರೇಮ್‌ವರ್ಕ್ ಮಟ್ಟದಲ್ಲೇ ಆದೇಶವನ್ನು ನುಂಗಿಹಾಕುವ ಸೆಟ್ಟಿಂಗ್‌ಗಳು ಇವು. ಆಮೇಲೆ:

ಎಡಿಬಿ ಶೆಲ್ ಡಂಪ್‌ಸಿಸ್ ವೈಬ್ರೇಟರ್_ಮ್ಯಾನೇಜರ್

ಇತ್ತೀಚಿನ ವೈಬ್ರೇಷನ್‌ಗಳ ಪಟ್ಟಿ ಕೊನೆಯಲ್ಲಿ ಸಿಗುತ್ತದೆ. ನಿಮ್ಮ ಕರೆಯ ಮುಂದೆ "ಫಿನಿಶ್ಡ್" ಅಂತಿದ್ದೂ ಮೋಟಾರು ಅಲುಗದಿದ್ದರೆ ಸಾಫ್ಟ್‌ವೇರ್ ತನ್ನ ಪಾಲಿನ ಕೆಲಸ ಮಾಡಿದೆ. ಮೋಟಾರು ಅಥವಾ ಅದರ ಸಂಪರ್ಕ ಹೋಗಿದೆ. "ಇಗ್ನೋರ್ಡ್" ಅಂತ ಶುರುವಾಗುವ ಪದ ಇದ್ದರೆ ಯಾವುದೋ ಸೆಟ್ಟಿಂಗ್ ತಡೆದಿದೆ, ಕಾರಣವೂ ಆ ಪದದ ಬಾಲದಲ್ಲೇ ಇರುತ್ತದೆ. ಬರೀ ಕೀಬೋರ್ಡ್ ಒತ್ತಿದಾಗ ಮಾತ್ರ ನಡುಗುವುದಿಲ್ಲ, ಕರೆ ಬಂದಾಗ ನಡುಗುತ್ತದೆ ಅನ್ನುವವರು ಹಾರ್ಡ್‌ವೇರ್ ಬಗ್ಗೆ ಯೋಚಿಸುವುದೇ ಬೇಡ.

ಹೆಜ್ಜೆ 5: ಸೆನ್ಸರ್‌ಗಳು

ಎಡಿಬಿ ಶೆಲ್ ಡಂಪ್‌ಸಿಸ್ ಸೆನ್ಸರ್‌ಸರ್ವೀಸ್

ಮೊದಲಿಗೆ ಪಟ್ಟಿ. ಪ್ರತಿ ಸೆನ್ಸರಿನ ಹೆಸರು, ತಯಾರಕರು, ಬಗೆ ಎಲ್ಲ ಇದೆ. ಬಾಷ್, ಎಸ್‌ಟಿ ಮೈಕ್ರೋ ಅಂಥ ಹೆಸರುಗಳು ಕಂಡರೆ ಅವು ನಿಜವಾದ ಚಿಪ್‌ಗಳು. ಗ್ರಾವಿಟಿ, ರೊಟೇಷನ್ ವೆಕ್ಟರ್ ಅಂಥವು ಚಿಪ್‌ಗಳಲ್ಲ. ಬೇರೆ ಸೆನ್ಸರ್‌ಗಳ ಅಂಕಿ ಕೂಡಿಸಿ ಲೆಕ್ಕ ಹಾಕಿದ್ದು. ಹಾಗಾಗಿ ತಿರುಗುವಿಕೆ ಅಳೆಯುವ ಜೈರೋಸ್ಕೋಪ್ ಸತ್ತರೆ ಅದನ್ನು ನಂಬಿದ ಇನ್ನೂ ಎರಡು ಮೂರು ಸೆನ್ಸರ್ ಕೆಟ್ಟಂತೆ ಕಾಣುತ್ತವೆ. ಅಂಗಡಿಯಲ್ಲಿ "ಮದರ್‌ಬೋರ್ಡೇ ಹೋಗಿದೆ" ಅಂದರೆ ಇದನ್ನು ನೆನಪಿಡಿ.

ಪರದೆ ತಿರುಗುತ್ತಿಲ್ಲ ಅನ್ನುವ ದೂರು ಇದ್ದರೆ ಆಟೋ ರೊಟೇಟ್ ಆನ್ ಮಾಡಿ, ಫೋನನ್ನು ಮೇಜಿನ ಮೇಲೆ ಮಲಗಿಸಿ, ಮೇಲಿನ ಕಮಾಂಡ್ ಓಡಿಸಿ. ಇತ್ತೀಚಿನ ಅಂಕಿಗಳ ಭಾಗದಲ್ಲಿ ವೇಗೋತ್ಕರ್ಷ ಅಳೆಯುವ ಆಕ್ಸೆಲರೋಮೀಟರಿನ ಮೂರು ಸಂಖ್ಯೆಗಳಿರುತ್ತವೆ. ಮೊದಲೆರಡು ಸೊನ್ನೆಯ ಹತ್ತಿರ, ಮೂರನೆಯದು 9.8ರ ಹತ್ತಿರ ಇರಬೇಕು. ಅದು ಭೂಮಿಯ ಗುರುತ್ವ. ನೆಟ್ಟಗೆ ನಿಲ್ಲಿಸಿದರೆ 9.8 ಎರಡನೆಯ ಸಂಖ್ಯೆಗೆ ಹೋಗುತ್ತದೆ. ಹೀಗೆ ಬಂದರೆ ಚಿಪ್ ಸರಿ. ಹೇಗೆ ತಿರುಗಿಸಿದರೂ ಅಂಕಿ ಕಲ್ಲಿನಂತೆ ಒಂದೇ ಇದ್ದರೆ ಮೊದಲು ಫೋನನ್ನು ರೀಸ್ಟಾರ್ಟ್ ಮಾಡಿ. ಸ್ನಾಪ್‌ಡ್ರಾಗನ್ ಫೋನುಗಳಲ್ಲಿ ಸಾಮಾನ್ಯವಾಗಿ ಸೆನ್ಸರ್ ತಂತಿಗಳು ಲಿನಕ್ಸ್ ಓಡುವ ಮುಖ್ಯ ಪ್ರಾಸೆಸರಿಗೆ ಹೋಗುವುದೇ ಇಲ್ಲ. ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಡಿಎಸ್‌ಪಿ ಅನ್ನುವ ಒಂದು ಪುಟ್ಟ ಪ್ರಾಸೆಸರಿಗೆ ಹೋಗುತ್ತವೆ. ಅದಕ್ಕೆ ತನ್ನದೇ ಸಾಫ್ಟ್‌ವೇರ್. ಹಾಲ್ ಮಾತಾಡುವುದು ಆ ಡಿಎಸ್‌ಪಿ ಜೊತೆ. ಪರದೆ ಆರಿ ಫೋನು ನಿದ್ದೆಯಲ್ಲಿದ್ದರೂ ಹೆಜ್ಜೆ ಎಣಿಕೆ ನಡೆಯುವುದು ಇದರಿಂದಲೇ. ಅದು ಸಿಕ್ಕಿಹಾಕಿಕೊಂಡರೆ ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಸುಮ್ಮನಾಗುತ್ತವೆ. ಎಲ್ಲ ಒಟ್ಟಿಗೆ ಹೋದರೆ ಚಿಪ್‌ಗಳ ಮೇಲೆ ಅನುಮಾನ ಕಡಿಮೆ ಇಡಿ.

ದಿಕ್ಸೂಚಿ ಬಗ್ಗೆ ಒಂದು ಮಾತು. ಲೋಕಲ್ ಟ್ರೇನಿನೊಳಗೆ ಅದನ್ನು ಪರೀಕ್ಷಿಸಬೇಡಿ. ಭೂಮಿಯ ಕಾಂತಕ್ಷೇತ್ರ ಬರೀ 25ರಿಂದ 65 ಮೈಕ್ರೋಟೆಸ್ಲಾ. ಸುತ್ತ ಉಕ್ಕು, ಮೋಟಾರು, ಮೇಲೆ ವಿದ್ಯುತ್ ತಂತಿ. ಮ್ಯಾಪಿನ ಬಾಣ ದಾದರ್ ಬದಲು ಸಮುದ್ರದ ಕಡೆ ತೋರಿಸಿದರೆ ಸೆನ್ಸರಿನ ತಪ್ಪಲ್ಲ. ಬಯಲಿಗೆ ಬಂದು, ಅಯಸ್ಕಾಂತ ಇರುವ ಕವರ್ ತೆಗೆದು ನೋಡಿ.

ಕರೆ ಮಾಡುವಾಗ ಪರದೆ ಕಪ್ಪಾಗಿ ಹಾಗೇ ಉಳಿಯುವುದು ಹೆಚ್ಚಾಗಿ ಪ್ರಾಕ್ಸಿಮಿಟಿ (ಕಿವಿ ಹತ್ತಿರ ಇದೆಯಾ ಅಂತ ನೋಡುವ ಸೆನ್ಸರ್) ತೊಂದರೆ. ಪಟ್ಟಿಯಲ್ಲಿ ಪ್ರಾಕ್ಸಿಮಿಟಿ ಇದ್ದು, ಕೈ ಅಡ್ಡ ಇಡದಿದ್ದರೂ "ಹತ್ತಿರ" ಅನ್ನುವ ಸೊನ್ನೆಯೇ ಬರುತ್ತಿದ್ದರೆ ಸ್ಕ್ರೀನ್‌ಗಾರ್ಡ್ ಕಿತ್ತು ನೋಡಿ.

ಹೆಜ್ಜೆ 6: ಬ್ಯಾಟರಿ ಅಂಕಿಯನ್ನು ನಂಬಬಹುದಾ?

ಎಡಿಬಿ ಶೆಲ್ ಡಂಪ್‌ಸಿಸ್ ಬ್ಯಾಟರಿ

ವೋಲ್ಟೇಜ್ 4100 ಅಂತಿದ್ದರೆ 4.1 ವೋಲ್ಟ್. ಟೆಂಪರೇಚರ್ 312 ಅಂದರೆ 31.2 ಡಿಗ್ರಿ, ಹತ್ತರಿಂದ ಭಾಗಿಸಿ ಓದಬೇಕು. ಈಗ ಒಂದು ತಮಾಷೆ ಮಾಡಿ:

ಎಡಿಬಿ ಶೆಲ್ ಡಂಪ್‌ಸಿಸ್ ಬ್ಯಾಟರಿ ಸೆಟ್ ಲೆವೆಲ್ 5

ಪರದೆಯ ಮೇಲೆ ತಕ್ಷಣ 5 ಶೇಕಡಾ ಅಂತ ಬರುತ್ತದೆ, ಫೋನು ಚಾರ್ಜ್ ಮಾಡು ಅಂತ ಗೋಗರೆಯಬಹುದು. ಬ್ಯಾಟರಿಗೆ ಏನೂ ಆಗಿಲ್ಲ. ಕೆಳಗಿನ ಫ್ಯೂಯಲ್ ಗೇಜ್ (ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಅಂತ ಅಳೆಯುವ ಚಿಪ್) ಅಳೆದ ಅಂಕಿ ಹೆಲ್ತ್ ಹಾಲ್ ದಾಟಿ ಬ್ಯಾಟರಿ ಸೇವೆಗೆ ಬರುತ್ತಿತ್ತು. ನೀವು ಆ ಸೇವೆಯಲ್ಲಿ ಕೂತು ಅಂಕಿ ಬದಲಿಸಿದಿರಿ, ಅಷ್ಟೇ. ಆ ಸೇವೆ ಸಾರುವ ಅಂಕಿಯನ್ನು ನಂಬಿದ ಆ್ಯಪ್‌ಗಳಿಗೆ ಇದು ಸುಳ್ಳು ಅಂತ ಗೊತ್ತಾಗುವುದಿಲ್ಲ. ಪದರ ಅಂದರೆ ಏನು ಅಂತ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಆಟ ಮುಗಿದ ಮೇಲೆ ಮರೆಯದೆ:

ಎಡಿಬಿ ಶೆಲ್ ಡಂಪ್‌ಸಿಸ್ ಬ್ಯಾಟರಿ ರೀಸೆಟ್

30 ಶೇಕಡಾ ಇದ್ದಾಗ ಫಕ್ಕನೆ ಆಫ್ ಆಗುವ ಫೋನಿನಲ್ಲಿ ವೋಲ್ಟೇಜ್ ನೋಡಿ. ಭಾರದ ಆಟ ಅಥವಾ ಕ್ಯಾಮೆರಾ ತೆರೆದಾಗ ಅದು ಧಡಾರನೆ ಇಳಿದರೆ ಬ್ಯಾಟರಿ ಮುದಿಯಾಗಿದೆ. ಶೇಕಡಾ ಅನ್ನುವುದು ಅಂದಾಜು, ವೋಲ್ಟೇಜ್ ಅಳತೆ.

ಹೆಜ್ಜೆ 7: ಕ್ಯಾಮೆರಾ

ಎಡಿಬಿ ಶೆಲ್ ಡಂಪ್‌ಸಿಸ್ ಮೀಡಿಯಾ.ಕ್ಯಾಮೆರಾ

ಮೇಲಿನ ಸಾಲುಗಳಲ್ಲೇ ಎಷ್ಟು ಕ್ಯಾಮೆರಾ ಇವೆ ಅನ್ನುವ ಸಂಖ್ಯೆ ಬರುತ್ತದೆ. ಸೊನ್ನೆ ಬಂದರೆ ಹಾಲ್ ಅಥವಾ ಅದರ ಕೆಳಗಿನ ತೊಂದರೆ. ಮುಂದಿನ ಕ್ಯಾಮೆರಾ ಇದ್ದು ಹಿಂದಿನದು ಕಾಣೆಯಾಗಿದ್ದರೆ ಹೆಚ್ಚಾಗಿ ಆ ಮಾಡ್ಯೂಲ್ ಅಥವಾ ಅದರ ಫ್ಲೆಕ್ಸ್. ಎರಡೂ ಇದ್ದು ಒಂದು ಆ್ಯಪ್‌ನಲ್ಲಿ ಮಾತ್ರ ತೆರೆಯದಿದ್ದರೆ ಪರ್ಮಿಷನ್ ನೋಡಿ. ಇಲ್ಲಿ ಇದಕ್ಕಿಂತ ಆಳಕ್ಕೆ ರೂಟ್ ಇಲ್ಲದೆ ಹೋಗುವುದು ಕಷ್ಟ. ಕರ್ನಲ್ ಲಾಗನ್ನು ಎಸ್‌ಇಲಿನಕ್ಸ್ (ಯಾರು ಏನನ್ನು ಮುಟ್ಟಬಹುದು ಅಂತ ಕಾಯುವ ಭದ್ರತಾ ವ್ಯವಸ್ಥೆ) ಸಾಮಾನ್ಯವಾಗಿ ಮುಚ್ಚಿಟ್ಟಿರುತ್ತದೆ. "ಪರ್ಮಿಷನ್ ಡಿನೈಡ್" ಬಂದರೆ ಫೋನು ಕೆಟ್ಟಿಲ್ಲ, ಬೀಗ ಸರಿಯಾಗಿದೆ ಅಂತ.

ಹೆಜ್ಜೆ 8: ಅಂಗಡಿಗೆ ಹೋಗುವ ಮೊದಲು

ಡೆವಲಪರ್ ಆಪ್ಷನ್ಸ್ ಆಫ್ ಮಾಡಿ. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ಬಾಗಿಲು ತೆರೆಯುವುದಿಲ್ಲ. ಜೊತೆಗೆ ಅನುಮತಿ ಕೊಟ್ಟ ಕಂಪ್ಯೂಟರುಗಳ ಪಟ್ಟಿಯನ್ನೂ ಅಲ್ಲೇ ಅಳಿಸಿ, ಅದರಲ್ಲೂ ಪರೀಕ್ಷೆಗೆ ಬಳಸಿದ್ದು ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ. ಡೇಟಾ ಬ್ಯಾಕಪ್ ತೆಗೆದುಕೊಳ್ಳಿ.

ಅಂಗಡಿಯಲ್ಲಿ "ಟಚ್ ಸರಿ ಇಲ್ಲ" ಅನ್ನಬೇಡಿ. "ಚಾರ್ಜರ್ ಇಲ್ಲದಿದ್ದರೂ, ಪರದೆ ಒಣಗಿದ್ದರೂ, ಬಲಗಡೆಯ ಒಂದು ಪಟ್ಟೆಯಲ್ಲಿ ಟಚ್ ತಾನಾಗಿಯೇ ಬರುತ್ತಿದೆ" ಅನ್ನಿ. ಹಿಂದಿಯಲ್ಲೋ ಮರಾಠಿಯಲ್ಲೋ ಹೇಗಾದರೂ ಹೇಳಿ. ಕೆಲಸ ಗೊತ್ತಿರುವವರು ತಕ್ಷಣ ಫ್ಲೆಕ್ಸ್ ತೆಗೆದು ಮತ್ತೆ ಕೂರಿಸಿ ನೋಡುತ್ತಾರೆ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ನೋಡದೆಯೇ ಪೂರ್ತಿ ಡಿಸ್‌ಪ್ಲೇ ರೇಟು ಹೇಳಿದರೆ ಪಕ್ಕದ ಅಂಗಡಿಗೆ ಹೋಗಿ, ಲ್ಯಾಮಿಂಗ್ಟನ್ ರೋಡಿನಲ್ಲಿ ಅಂಗಡಿಗಳಿಗೇನು ಬರವಿಲ್ಲ.